ಹೋಳೂರಿನ ಸೌದೆಯೂ ಸಂಗನಕಲ್ಲಿನ ಇದ್ದಿಲೂ

ಹಿಂದಿನವರ ಬಾಳುವೆಯನ್ನು ಅರಿಯಬೇಕೆಂದು ಹೊರಟವರು ನಮ್ಮ ನಾಡಿನಲ್ಲಿ ಮೊದಲು ಹುಡುಕುವುದು ಶಾಸನಗಳನ್ನು. ಕೋಲಾರದ ಸೀಮೆಯಲ್ಲಿ ಅವಕ್ಕೇನೂ ಕೊರತೆಯಿಲ್ಲ. ಬಿ. ಎಲ್. ರೈಸ್ ಮಹಾಶಯರು ೧೯೦೫ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ಣಾಟಕ’ದ ಹತ್ತನೆಯ ಸಂಪುಟವೆಲ್ಲವೂ ಈ ಒಂದೇ ಜಿಲ್ಲೆಯ ಶಾಸನಗಳಿಂದ ತುಂಬಿದೆ. ಯಾವ ಅರಸನು ಯಾವ ದೇವರಿಗೆ ಎಷ್ಟು ಗದ್ದೆ ಬಿಟ್ಟನು, ಯಾವ ವೀರನು ತುರುಗಳನ್ನು ಮರಳಿಸುವಾಗ ಸತ್ತನು ಎಂಬುದೆಲ್ಲ ಅಲ್ಲಿ ಉಂಟು. ಆದರೆ ಆ ವೀರನ ತಾಯಿಯು ಅಂದು ಬೆಳಗ್ಗೆ ಒಲೆಗೆ ಯಾವ ಸೌದೆಯನ್ನು ಇಟ್ಟಳು, ಅದನ್ನು ಎಷ್ಟು ದೂರದಿಂದ ಹೊತ್ತು ತಂದಳು ಎಂಬ ವಿಷಯದಲ್ಲಿ ಕಲ್ಲು ಮೌನವಾಗಿದೆ. ದಾನಕೊಟ್ಟವರಿಗೆ ಶಾಸನವುಂಟು, ಅಡುಗೆ ಮಾಡಿದವರಿಗೆ ಇಲ್ಲ.

ಹಾಗಾದರೆ ಆ ಸಂಗತಿ ಪೂರ್ತಿಯಾಗಿ ಅಳಿಸಿಹೋಯಿತೇ ಎಂದರೆ, ಹಾಗಿಲ್ಲ. ಅದು ತಿಪ್ಪೆಯಲ್ಲಿ ಉಳಿದಿದೆ. ಮರವು ಮಣ್ಣಿನಲ್ಲಿ ಕೊಳೆತುಹೋಗುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ. ಬೂದಿಯು ಮಳೆಗೆ ಕರಗುತ್ತದೆ. ಆದರೆ ಅರೆ ಸುಟ್ಟು ಆರಿದ ಇದ್ದಿಲನ್ನು ಗೆದ್ದಲು ಮುಟ್ಟುವುದಿಲ್ಲ, ನೀರು ಕೊಳೆಸುವುದಿಲ್ಲ. ಸಾವಿರಾರು ವರ್ಷಗಳ ಕಾಲ ಅದು ಮಣ್ಣಿನ ಪದರಗಳ ನಡುವೆ ಹಾಗೆಯೇ ಇರುತ್ತದೆ. ಈ ಇದ್ದಿಲಿನ ತುಣುಕುಗಳನ್ನು ಆಯ್ದು, ಅವು ಯಾವ ಮರದವೆಂದು ಗುರುತಿಸಿ, ಹಿಂದಿನವರ ಒಲೆಯ ವೃತ್ತಾಂತವನ್ನು ತಿಳಿಯುವ ಒಂದು ವಿದ್ಯೆಯೇ ಈಗ ಬೆಳೆದಿದೆ. ಪಾಶ್ಚಾತ್ಯರು ಇದನ್ನು ಆಂಥ್ರಕಾಲಜಿ ಎನ್ನುತ್ತಾರೆ. ಇದ್ದಿಲಿಗಿರುವ ಗ್ರೀಕ್ ಪದದಿಂದ ಹುಟ್ಟಿದ ಹೆಸರು. ನಾವು ಅಂಗಾರಶಾಸ್ತ್ರವೆಂದು ಕರೆದರೆ ತಪ್ಪಾಗಲಾರದು. ಅಂಗಾರವೆಂಬ ಸಂಸ್ಕೃತ ಶಬ್ದವೇ ನಮ್ಮ ಹಳಗನ್ನಡದಲ್ಲಿ ಇಂಗಳವಾಗಿದೆಯಷ್ಟೆ.

ಪದಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ಇಂಧನ, ಇಧ್ಮ, ಏಧಸ್ಸು, ಸಮಿತ್ತು ಇವೆಲ್ಲ ಉರಿಸುವುದೆಂಬ ಅರ್ಥದ ಒಂದೇ ಧಾತುವಿನಿಂದ ಬಂದವು. ಆದರೆ ವ್ಯವಹಾರದಲ್ಲಿ ಅವು ಬೇರೆ ಬೇರೆ ದಾರಿ ಹಿಡಿದಿವೆ. ಸಮಿತ್ತಿಗೆ ಕಟ್ಟುನಿಟ್ಟಾದ ವಿಧಿಯುಂಟು: ನವಗ್ರಹಹೋಮದಲ್ಲಿ ಸೂರ್ಯನಿಗೆ ಎಕ್ಕ, ಚಂದ್ರನಿಗೆ ಮುತ್ತುಗ, ಅಂಗಾರಕನಿಗೆ ಕಗ್ಗಲಿ, ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ. ಪುರೋಹಿತರು ಈ ಪಟ್ಟಿಯನ್ನು ಬಾಯಲ್ಲಿಟ್ಟುಕೊಂಡಿರುತ್ತಾರೆ, ಗ್ರಂಥಗಳೂ ಅದನ್ನು ಕಾಪಾಡಿವೆ. ಮನೆಯ ಒಲೆಗೂ ಅಷ್ಟೇ ಸೂಕ್ಷ್ಮವಾದ ವಿಧಿಯೊಂದು ಇತ್ತು; ಅದನ್ನು ಬರೆದಿಟ್ಟವರು ಯಾರೂ ಇಲ್ಲ. ಅದರ ಪುರೋಹಿತರು ನಮ್ಮ ಅಜ್ಜಿಯಂದಿರು.

ಆ ವಿಧಿಯನ್ನು ನಾವು ಸ್ವಲ್ಪಮಟ್ಟಿಗೆ ಕೇಳಿ ತಿಳಿದದ್ದು ಹೋಳೂರಿನಲ್ಲಿ. ಹೋಳೂರು ಕೋಲಾರದ ತಾಲ್ಲೂಕಿಗೆ ಸೇರಿದ ಒಂದು ಹೋಬಳಿಯ ಮುಖ್ಯ ಗ್ರಾಮ, ಶ್ರೀನಿವಾಸಪುರದ ದಿಕ್ಕಿಗಿದೆ. ಸುತ್ತಲೂ ಕೆರೆಗಳು, ರಾಗಿಯ ಹೊಲಗಳು, ಕೋಲು ನೆಟ್ಟು ಕಟ್ಟಿದ ಟೊಮ್ಯಾಟೊ ಸಾಲುಗಳು, ಹಿಪ್ಪುನೇರಳೆಯ ತೋಟಗಳು. ಶ್ರೀನಿವಾಸಪುರದ ಕಡೆಗೆ ಸಾಗಿದಂತೆಲ್ಲ ಮಾವಿನ ತೋಪುಗಳು ದಟ್ಟವಾಗುತ್ತವೆ. ನದಿಯಿಲ್ಲದ ನಾಡು. ಕೆರೆ ತುಂಬಿದರೆ ಸುಗ್ಗಿ, ಇಲ್ಲವಾದರೆ ಕೊಳವೆಬಾವಿ. ಜನರಲ್ಲಿ ಅನೇಕರು ಮನೆಯೊಳಗೆ ತೆಲುಗನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುವರು. ಒಂದೇ ವಾಕ್ಯದಲ್ಲಿ ಸೌದೆಯೂ ಕಟ್ಟೆಯೂ, ಇದ್ದಿಲೂ ಬೊಗ್ಗೂ ಬರುವುದನ್ನು ಕೇಳಬಹುದು. ಕೆಲಸದಿಂದ ನಿವೃತ್ತರಾದ ಮೇಲೆ ಆ ಕಡೆಯ ಹಳ್ಳಿಗಳಲ್ಲಿ ಕಾಲ್ನಡೆಯಾಗಿ ತಿರುಗುವ ಅಭ್ಯಾಸವನ್ನು ನಾವು ಇಟ್ಟುಕೊಂಡಿದ್ದೇವೆ. ಶಿಷ್ಯರ ಮನೆಗಳು ಅಲ್ಲಲ್ಲಿ ಇರುವುದರಿಂದ ಮಜ್ಜಿಗೆಗೆ ತೊಂದರೆಯಿಲ್ಲ.

ಅಂತಹ ಒಂದು ಮನೆಯಲ್ಲಿ ಎಂಬತ್ತು ದಾಟಿದ ಗೃಹಿಣಿಯೊಬ್ಬರು ಇದ್ದಾರೆ. ಹಿತ್ತಿಲಿನ ಚಪ್ಪರದ ಕೆಳಗೆ ಅವರ ಸೌದೆಯ ಒಟ್ಟು. ಹೊರಗಿನವರ ಕಣ್ಣಿಗೆ ಅದು ಒಂದು ಕಟ್ಟಿಗೆಯ ರಾಶಿ. ಅವರ ಕಣ್ಣಿಗೆ ನಮ್ಮ ಪುಸ್ತಕದ ಕಪಾಟಿನಂತೆ ವಿಂಗಡವಾದುದು. ಜಾಲಿಯ ಸೌದೆ ನಿಧಾನವಾಗಿ ಉರಿದು ಗಟ್ಟಿಯಾದ ಕೆಂಡವನ್ನು ಬಿಡುತ್ತದೆ. ಹುಣಿಸೆಯದು ಮಹಾ ಶಾಖ. ಸೀಳುವುದೇ ಕಷ್ಟ, ಆದುದರಿಂದ ಮದುವೆಯ ಕೊಪ್ಪರಿಗೆಗೆ ಮಾತ್ರ. ಹೊಂಗೆ ಒಣಗಿದರೆ ಒಳ್ಳೆಯದು, ಹಸಿಯಾದರೆ ಕಣ್ಣೀರು. ಮಾವು ಬೇಗ ಹತ್ತಿ ಬೇಗ ಮುಗಿಯುತ್ತದೆ. ತಂಗಡಿಯ ಪುಳ್ಳೆ ಒಲೆ ಹೊತ್ತಿಸಲಿಕ್ಕೆ. ನುಗ್ಗೆಯನ್ನು ಒಲೆಗೆ ಇಡುವವರು ಅಡುಗೆ ಅರಿಯದವರು. ಅರಳಿ, ಬಿಲ್ವಗಳನ್ನು ಸುಡುವ ಮಾತೇ ಇಲ್ಲ. ಹಾಲು ಕಾಯಿಸಲು ಸೌದೆ ಕೂಡದು, ಬೆರಣಿಯೇ ಆಗಬೇಕು. ಅದರ ಮಂದವಾದ ಶಾಖದಲ್ಲಿ ಹಾಲು ಕೆನೆಗಟ್ಟುತ್ತದೆ. ರಾಗಿಮುದ್ದೆಗೆ ಎರಡೂ ಬೇಕು: ಎಸರು ಕುದಿಯಲು ಜ್ವಾಲೆ, ಹಿಟ್ಟು ಬೇಯಲು ಕೆಂಡ. “ಉರಿ ಕಾಣುವುದಷ್ಟೇ ನಿಮಗೆ. ಮುದ್ದೆ ಬೇಯುವುದು ಉರಿ ಹೋದ ಮೇಲೆ” ಎಂದು ಅವರು ನಮಗೆ ಪಾಠ ಹೇಳಿದರು. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಒಮ್ಮೊಮ್ಮೆ ಕೇಳುವುದೂ ಹಿತವಾಗಿರುತ್ತದೆ.

ಅವರನ್ನು ಒಂದು ಪ್ರಶ್ನೆ ಕೇಳಿದೆವು. ಇಷ್ಟೆಲ್ಲ ಗುಣವಿವೇಚನೆ ಇರುವುದಾದರೂ ನಿತ್ಯದಲ್ಲಿ ಒಲೆಗೆ ಬೀಳುವುದು ಒಳ್ಳೆಯ ಸೌದೆಯೋ, ಹತ್ತಿರ ಸಿಕ್ಕಿದ ಸೌದೆಯೋ ಎಂದು. ಅವರು ನಕ್ಕು, ಹೊರೆ ತಲೆಯ ಮೇಲೆ ಬಂದಾಗ ಒಳ್ಳೆಯದೆಂದರೆ ಹತ್ತಿರದ್ದೇ, ಆದರೂ ಹಬ್ಬಕ್ಕೆಂದು ನಾಲ್ಕು ಜಾಲಿಯ ಕೊರಡನ್ನು ಅಟ್ಟದಲ್ಲಿ ಎತ್ತಿಟ್ಟಿರುತ್ತಿದ್ದೆವು ಎಂದರು. ಈ ಪ್ರಶ್ನೆಯನ್ನು ನಾವೇ ಕಲ್ಪಿಸಿದ್ದಲ್ಲ. ಅಂಗಾರಶಾಸ್ತ್ರಜ್ಞರ ನಡುವೆ ಬಹುಕಾಲದಿಂದ ನಡೆಯುತ್ತಿರುವ ಚರ್ಚೆಯೇ ಇದು. ಹಳೆಯ ತಿಪ್ಪೆಯಲ್ಲಿ ಸಿಕ್ಕುವ ಇದ್ದಿಲು ಅಂದಿನ ಕಾಡಿನ ಚಿತ್ರವೇ, ಅಥವಾ ಅಂದಿನ ಜನರ ಆಯ್ಕೆಯ ಚಿತ್ರವೇ? ಒಂದು ಪಕ್ಷದವರು, ಮನುಷ್ಯನು ಶ್ರಮ ಕಡಮೆಯಾದುದನ್ನೇ ಮಾಡುವನು, ಹತ್ತಿರದಲ್ಲಿ ಏನು ಬೆಳೆದಿತ್ತೋ ಅದನ್ನೇ ಸುಟ್ಟನು ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಒಲೆಗೆ ಒಂದು, ಕುಲುಮೆಗೆ ಒಂದು, ದೇವರಿಗೆ ಒಂದು ಎಂಬ ಭೇದ ಎಲ್ಲ ಜನರಲ್ಲೂ ಇದೆಯೆನ್ನುತ್ತಾರೆ. ಪಂಡಿತರು ದೊಡ್ಡ ದೊಡ್ಡ ಗ್ರಂಥಗಳಲ್ಲಿ ತೂಗಿ ನೋಡಿದುದಕ್ಕೂ ಈ ತಾಯಿಯ ಉತ್ತರಕ್ಕೂ ಹೆಚ್ಚು ಅಂತರ ನಮಗೆ ಕಾಣಲಿಲ್ಲ.

ಇದ್ದಿಲನ್ನು ಓದುವ ಕ್ರಮವು ಹೀಗೆ. ಅಗೆದ ಮಣ್ಣನ್ನು ನೀರಿನ ತೊಟ್ಟಿಗೆ ಹಾಕಿ ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ. ಇದ್ದಿಲೂ ಸೀದ ಕಾಳುಗಳೂ ಮೇಲಕ್ಕೆ ತೇಲುತ್ತವೆ. ಅವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ನೆರಳಿನಲ್ಲಿ ಒಣಗಿಸುತ್ತಾರೆ. ಮರದ ಒಳಗೆ ನೀರೇರುವ ನಾಳಗಳು, ಅವುಗಳ ಸುತ್ತಲಿನ ಕೋಶಗಳು, ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ಕಿರಣದಂತಹ ಪಟ್ಟೆಗಳು ಇರುವುದಷ್ಟೆ. ಗಾಳಿ ಸಾಲದೆ ಮರ ಸುಟ್ಟಾಗ ಈ ರಚನೆಯೆಲ್ಲ ಕೆಡದೆ ಇಂಗಾಲದ ರೂಪದಲ್ಲಿ ನಿಂತುಬಿಡುತ್ತದೆ. ತುಣುಕನ್ನು ಕೈಯಿಂದಲೇ ಮೂರು ದಿಕ್ಕಿಗೆ ಮುರಿಯಬೇಕು: ಒಮ್ಮೆ ಅಡ್ಡಲಾಗಿ, ಒಮ್ಮೆ ತಿರುಳಿನ ಕಡೆಗೆ ಸೀಳುವಂತೆ, ಒಮ್ಮೆ ತೊಗಟೆಗೆ ಸಮನಾಗಿ. ಹೊಸದಾಗಿ ಮುರಿದ ಮುಖದ ಮೇಲೆ ಬೆಳಕು ಬೀಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾಳಗಳು ಒಂಟಿಯಾಗಿವೆಯೋ ಗುಂಪಾಗಿವೆಯೋ, ಪಟ್ಟೆಗಳು ಅಗಲವೋ ಕಿರಿದೋ ಎಂಬುದು ತಿಳಿಯುತ್ತದೆ. ಆದರೆ ಇಷ್ಟರಿಂದಲೇ ಹೆಸರು ಹೇಳಲಾಗದು. ಇಂದಿನ ಮರಗಳ ತುಂಡುಗಳನ್ನು ಹೆಸರು ಸಹಿತ ಸಂಗ್ರಹಿಸಿ, ಅವನ್ನೂ ಇದ್ದಿಲು ಮಾಡಿ, ಒಂದರ ಪಕ್ಕಕ್ಕೆ ಒಂದನ್ನಿಟ್ಟು ಹೋಲಿಸಬೇಕು. ಬಹುಮಟ್ಟಿಗೆ ಮರದ ಕುಲ ಗೊತ್ತಾಗುತ್ತದೆ. ಆ ಕುಲದಲ್ಲಿ ಇಂತಹ ಜಾತಿಯೇ ಎಂದು ಹೇಳುವುದು ಅನೇಕ ವೇಳೆ ಸಾಧ್ಯವಾಗದು. ಕಾಲವನ್ನು ತಿಳಿಯುವುದಕ್ಕೆ ಇಂಗಾಲದ ವಿಕಿರಣವನ್ನು ಅಳೆಯುವ ಉಪಾಯವು ೧೯೪೯ರಲ್ಲಿ ಅಮೆರಿಕದ ಲಿಬ್ಬಿ ಎಂಬ ವಿಜ್ಞಾನಿಯಿಂದ ಹೊರಬಿದ್ದಿತು. ಅಲ್ಲಿಂದೀಚೆಗೆ ಇದ್ದಿಲಿನ ಚೂರು ಒಂದೇ ಕಾಲಕ್ಕೆ ಕಾಡಿನ ದಾಖಲೆಯೂ ಕಾಲದ ಪಂಚಾಂಗವೂ ಆಗಿದೆ.

ಈ ವಿದ್ಯೆಯು ದೇಶದೇಶಗಳಲ್ಲಿ ನಡೆಯುತ್ತಿದೆ. ಆಸ್ಟ್ರೇಲಿಯದ ಈಶಾನ್ಯ ಭಾಗವಾದ ಕ್ವೀನ್ಸ್‌ಲೆಂಡಿನಲ್ಲಿ ಸದಾ ಮಳೆ ಸುರಿಯುವ ದಟ್ಟವಾದ ಕಾಡುಗಳಿವೆ. ಅಲ್ಲಿನ ಜಿರ್ಬಾಲ್ ಎಂಬ ಮೂಲನಿವಾಸಿಗಳ ನೆಲದಲ್ಲಿ, ಉರುಂಬಲ್ ಎಂಬಲ್ಲಿ, ಆಸಾ ಫೆರಿಯರ್ ಎಂಬ ವಿದುಷಿಯು ಹಳೆಯ ನೆಲೆಗಳನ್ನು ಅಗೆದು ಶೋಧಿಸಿದ್ದಾರೆ. ಆ ಜನರು ತಿನ್ನುತ್ತಿದ್ದ ಕಾಡುಕಾಯಿಗಳಲ್ಲಿ ಕೆಲವು ವಿಷ; ಸುಟ್ಟು, ಜಜ್ಜಿ, ಹರಿಯುವ ನೀರಿನಲ್ಲಿ ತೊಳೆದ ಮೇಲೆಯೇ ಬಾಯಿಗಿಡಬೇಕು. ನೀರಿಗೆ ಕೊರತೆಯಿಲ್ಲದ ಆ ಕಾಡಿನಲ್ಲಿ ಒಣಗಿದ ಸೌದೆಯೇ ದುರ್ಲಭವಾಗಿದ್ದಿರಬೇಕು! ನಮ್ಮ ಕೋಲಾರದಲ್ಲಿ ಇದಕ್ಕೆ ವಿಪರೀತ: ಒಣಗಿದ್ದಕ್ಕೆ ಬರವಿಲ್ಲ, ಮರಕ್ಕೆ ಬರ. ಆದರೂ ಒಲೆಯ ಮುಂದೆ ಕುಳಿತವರ ಚಿಂತೆ ಎರಡು ಕಡೆಯೂ ಒಂದೇ.

ನಮ್ಮ ಸೀಮೆಯಲ್ಲಿ ಇದ್ದಿಲಿನ ದೊಡ್ಡ ಕಥೆಯೆಂದರೆ ಚಿನ್ನದ ಗಣಿಯದು. ಅದನ್ನು ನೋಡಲೆಂದು ಒಂದು ದಿನ ಬಂಗಾರಪೇಟೆಯ ಮೇಲೆ ಗಣಿಯ ಪಟ್ಟಣಕ್ಕೆ ಹೋದೆವು. ೧೮೦೨ರಲ್ಲಿ ಲೆಫ್ಟೆನೆಂಟ್ ಜಾನ್ ವಾರೆನ್ ಎಂಬ ಮೋಜಣಿಯ ಅಧಿಕಾರಿಯು ಇಲ್ಲಿಗೆ ಬಂದಾಗ ಊರವರೇ ಮಾರಿಕುಪ್ಪದ ಸುತ್ತ ಚಿನ್ನವನ್ನು ತೆಗೆಯುತ್ತಿದ್ದರು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಮೇಲೆ ನಡೆದುದು ಎಲ್ಲರಿಗೂ ಗೊತ್ತಿರುವ ಕಥೆ. ಆಧುನಿಕ ಗಣಿಗಾರರು ಅನುಸರಿಸಿದ್ದು ಬಹುಮಟ್ಟಿಗೆ ಪ್ರಾಚೀನರು ತೋಡಿ ಬಿಟ್ಟ ಗುಂಡಿಗಳ ಜಾಡನ್ನೇ. ಸಿಡಿಮದ್ದಿಲ್ಲದ ಕಾಲದಲ್ಲಿ ಆ ಪ್ರಾಚೀನರು ಬಂಡೆಯನ್ನು ಒಡೆದ ಉಪಾಯವು ಬೆಂಕಿ: ಬಂಡೆಯ ಮೈಗೆ ಸೌದೆಯೊಟ್ಟಿ ಉರಿಸಿ, ಕೆಂಪಗೆ ಕಾದಾಗ ತಣ್ಣೀರು ಎರಚಿದರೆ ಕಲ್ಲು ಬಿರಿಯುತ್ತದೆ. ದಕ್ಷಿಣ ಭಾರತದ ಪ್ರಾಚೀನ ಚಿನ್ನದ ಗಣಿಗಳನ್ನು ಕುರಿತು ಎಫ್. ಆರ್. ಆಲ್ಚಿನ್ ಅವರು ೧೯೬೨ರಲ್ಲಿ ಬರೆದ ಪ್ರಬಂಧದಲ್ಲಿ ಈ ಕ್ರಮವನ್ನು ವಿವರಿಸಿದ್ದಾರೆ. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಲ್ಲಿ ಸುಮಾರು ೬೪೦ ಅಡಿ ಆಳದ ಹಳೆಯ ಸುರಂಗದಲ್ಲಿ ಸಿಕ್ಕಿದ ಮರವು ಇಂಗಾಲದ ಲೆಕ್ಕದಿಂದ ಸುಮಾರು ೧,೯೦೦ ವರ್ಷಗಳಷ್ಟು ಹಳೆಯದೆಂದು ಗೊತ್ತಾಗಿದೆ. ಒಂದು ತೊಲ ಚಿನ್ನಕ್ಕೆ ಎಷ್ಟು ಗಾಡಿ ಸೌದೆ ಉರಿದಿರಬೇಕು! ಅರಸರ ಕಿರೀಟದ ಲೆಕ್ಕದಲ್ಲಿ ಕಾಡಿನ ಪಾಲನ್ನು ಯಾರೂ ಸೇರಿಸಿದಂತಿಲ್ಲ.

ಕೌಟಿಲ್ಯನಿಗೆ ಮಾತ್ರ ಈ ಲೆಕ್ಕ ತಿಳಿದಿತ್ತು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಗಣಿಗಳಿಗೆ ಒಬ್ಬ ಅಧ್ಯಕ್ಷನಿದ್ದಂತೆ ಕಾಡಿನ ಸರಕಿಗೂ ಒಬ್ಬ ಅಧ್ಯಕ್ಷನಿದ್ದಾನೆ. ಅವನು ನೋಡಿಕೊಳ್ಳಬೇಕಾದ ವಸ್ತುಗಳಲ್ಲಿ ಗಟ್ಟಿ ಮರಗಳ ಹೆಸರುಗಳಾದ ಮೇಲೆ ಇದ್ದಿಲು, ಹೊಟ್ಟು, ಬೂದಿ ಇವೂ ಬರುತ್ತವೆ. ಸಂಸ್ಕೃತ ಓದುವ ಹುಡುಗರು ಈ ಅಧ್ಯಾಯವನ್ನು ಬೇಸರವೆಂದು ದಾಟಿಬಿಡುತ್ತಾರೆ. ನಮಗೆ ಅದರಲ್ಲಿರುವಷ್ಟು ಲೋಕವ್ಯವಹಾರ ಕಾವ್ಯಗಳಲ್ಲಿ ಸಿಕ್ಕಿಲ್ಲ.

ಗಣಿಯ ಪಟ್ಟಣದಲ್ಲಿ ನಮಗೆ ಕಾಣಸಿಕ್ಕಿದ್ದು ಹೆಚ್ಚಿಲ್ಲ. ೨೦೦೧ನೆಯ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿದೆ. ಬೂದುಬಣ್ಣದ ಸಯನೈಡ್ ದಿಬ್ಬಗಳು ಮಾತ್ರ ದೂರದಿಂದಲೇ ತೋರುತ್ತವೆ. ೧೯೦೨ರ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದಿಂದ ೯೨ ಮೈಲಿಯ ತಂತಿಯ ಮೇಲೆ ವಿದ್ಯುಚ್ಛಕ್ತಿ ಬರುವವರೆಗೆ ಈ ಗಣಿಗಳ ಯಂತ್ರಗಳೂ ಕಲ್ಲಿದ್ದಲನ್ನೂ ಸೌದೆಯನ್ನೂ ತಿಂದೇ ಬದುಕಿದವು. ಹಿಂದಿನವರು ಬಂಡೆಯನ್ನು ಸುಡಲು, ಇವರು ಉಗಿಯನ್ನು ಎಬ್ಬಿಸಲು, ಎರಡು ಸಲ ಈ ಸೀಮೆಯ ಕಾಡು ಚಿನ್ನಕ್ಕೆ ತಲೆಯೊಡ್ಡಿದೆ. ಇಲ್ಲಿ ಇದ್ದಿಲಿರುವುದು ಮನುಷ್ಯನು ಇಳಿಯಲಾಗದ ಆಳದಲ್ಲಿ. ಅದೂ ಅಲ್ಲದೆ ಅದು ಕಾರ್ಖಾನೆಯ ಬೆಂಕಿ, ಮನೆಯ ಬೆಂಕಿಯಲ್ಲ. ಮನೆಯ ಬೆಂಕಿಯನ್ನು ನೋಡಬೇಕಾದರೆ ಬಳ್ಳಾರಿಗೆ ಹೋಗಬೇಕೆಂದು ತಿಳಿದವರು ಹೇಳಿದರು.

ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಬೆಳಗಿನ ಹೊತ್ತಿಗೆ ಬಳ್ಳಾರಿಯಲ್ಲಿ ಇಳಿದೆವು. ನಮ್ಮ ಸೌದೆ ಅಲ್ಲಿ ಕಟ್ಟಿಗೆ. ನಮ್ಮ ಬೆರಣಿ ಅಲ್ಲಿ ಕುಳ್ಳು. ಪಟ್ಟಣದಿಂದ ಎರಡು ಹರದಾರಿಯೊಳಗೇ ಸಂಗನಕಲ್ಲು ಎಂಬ ಗ್ರಾಮ. ಕಪ್ಪು ಎರೆಯ ಹೊಲಗಳ ನಡುವೆ ದೊಡ್ಡ ದೊಡ್ಡ ಗುಂಡುಗಳನ್ನು ಒಟ್ಟಿದಂತೆ ಬೆಟ್ಟಗಳು ಏಳುತ್ತವೆ. ನಮ್ಮ ಟೇಕಲ್ಲಿನ ಬಂಡೆಗಳನ್ನು ಕಂಡವರಿಗೆ ಅವು ಅಪರಿಚಿತವೆನಿಸುವುದಿಲ್ಲ. ಒಂದು ಸಣ್ಣರಾಚಮ್ಮನ ಗುಡ್ಡ, ಇನ್ನೊಂದು ಹಿರೇಗುಡ್ಡ. ಹಿರೇಗುಡ್ಡದ ಬಿಳಿಯ ಬಂಡೆಗಳ ನಡುವೆ ಕಪ್ಪು ಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಆ ಕಲ್ಲಿನಿಂದ ನವಶಿಲಾಯುಗದವರು ಕೊಡಲಿಗಳನ್ನು ಮಾಡುತ್ತಿದ್ದರು. ಅದೊಂದು ಕೊಡಲಿಯ ಕಾರ್ಖಾನೆಯೇ ಆಗಿತ್ತು. ಸೌದೆಯ ಕಥೆಗೆ ಕೊಡಲಿಯಿಂದಲೇ ಆರಂಭವಾದುದು ಉಚಿತವಾಗಿದೆ. ಕಪ್ಪು ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳನ್ನು ಕೊರೆದಿದ್ದಾರೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ಮೊಳಗುತ್ತವೆ.

ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು ೧೮೭೨ರಲ್ಲಿ ಈ ಬೆಟ್ಟಗಳನ್ನು ಹತ್ತಿದರು. ಬಿ. ಸುಬ್ಬರಾವ್ ಅವರು ಇಲ್ಲಿ ಅಗೆದು ಬಳ್ಳಾರಿಯ ಶಿಲಾಯುಗವನ್ನು ಕುರಿತ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ಅನ್ಸಾರಿ ಮತ್ತು ನಾಗರಾಜರಾವ್ ಅವರ ಉತ್ಖನನ ೧೯೬೪-೬೫ರದು. ಇವರೆಲ್ಲರ ಗಮನ ಮುಖ್ಯವಾಗಿ ಕೊಡಲಿ ಮಡಕೆಗಳ ಮೇಲಿತ್ತು. ಆ ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೊರಿಶೆಟ್ಟರ್ ಅವರೂ ಲಂಡನ್ನಿನ ಡೋರಿಯನ್ ಫುಲ್ಲರ್ ಅವರೂ ಸಂಗಡಿಗರೊಡನೆ ಬಂದು ಮಣ್ಣನ್ನೇ ನೀರಿನಲ್ಲಿ ತೇಲಿಸಿ ನೋಡತೊಡಗಿದರು. ಕಾಳುಗಳು ತೇಲಿ ಬಂದವು: ಹುರುಳಿ, ಹೆಸರು, ಮತ್ತು ತುಮಕೂರಿನ ಕಡೆಯ ರೈತರು ಈಗಲೂ ಬೆಳೆಯುವ ಕೊರಲೆ. ಕಾಳುಗಳೊಡನೆ ಇದ್ದಿಲೂ ತೇಲಿ ಬಂದಿತು. ಆ ಇದ್ದಿಲನ್ನು ಎಲೆನಿ ಅಸೌಟಿ ಎಂಬ ವಿದುಷಿಯು ಸೂಕ್ಷ್ಮದರ್ಶಕದ ಕೆಳಗೆ ಓದಿದರು. ಅಸೌಟಿ ಫುಲ್ಲರ್ ಇಬ್ಬರೂ ಸೇರಿ ದಕ್ಷಿಣ ಭಾರತದ ಮರಗಳನ್ನೂ ಕಾಡುಗಳನ್ನೂ ಪ್ರಾಕ್ತನಶಾಸ್ತ್ರದ ದೃಷ್ಟಿಯಿಂದ ವಿವರಿಸುವ ಗ್ರಂಥವನ್ನು ೨೦೦೮ರಲ್ಲಿ ಪ್ರಕಟಿಸಿದರು.

ಆ ಇದ್ದಿಲಿನಲ್ಲಿ ಇದ್ದುದೇನು? ಒಣನಾಡಿನ ಮರಗಳು ಇದ್ದುವು, ಅದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಕ್ರಿಸ್ತಪೂರ್ವ ೧೪೦೦ರಿಂದ ೧೩೦೦ರ ಸುಮಾರಿನ ಮಣ್ಣಿನಲ್ಲಿ ಮಾವಿನ ಇದ್ದಿಲು, ನಿಂಬೆಯ ಕುಲದ ಇದ್ದಿಲು, ಶ್ರೀಗಂಧದ ಇದ್ದಿಲು ದೊರೆತವು. ಮಾವೂ ನಿಂಬೆಯ ಕುಲವೂ ಬಳ್ಳಾರಿಯ ಬಯಲಿನಲ್ಲಿ ತಾವಾಗಿ ಬೆಳೆಯತಕ್ಕವಲ್ಲ; ಹೆಚ್ಚು ಮಳೆ ಬೀಳುವ ಕಡೆಯಿಂದ ಯಾರೋ ಬೀಜವನ್ನೋ ಸಸಿಯನ್ನೋ ತಂದು ನೆಟ್ಟಿರಬೇಕು. ಮೂರು ಸಾವಿರದ ಮುನ್ನೂರು ವರ್ಷಗಳ ಹಿಂದೆ, ಬರೆಯುವ ಅಕ್ಷರವಿಲ್ಲದ, ಕಲ್ಲಿನ ಕೊಡಲಿ ಹಿಡಿದ ಜನರು ಹಣ್ಣಿನ ಮರಕ್ಕೆ ನೀರೆರೆಯುತ್ತಿದ್ದರೆಂದು ಇದರಿಂದ ಊಹಿಸುತ್ತಾರೆ. ಈ ಊಹೆಯನ್ನು ನಾವು ಮನಸಾರ ಒಪ್ಪುತ್ತೇವೆ. ಏಕೆಂದರೆ ಹಣ್ಣು ಕೊಡುವ ಮಾವನ್ನು ಸೌದೆಗೆಂದು ಕಡಿಯುವ ಹೆಂಗಸನ್ನು ನಾವು ಯಾವ ಹಳ್ಳಿಯಲ್ಲಿಯೂ ಕಂಡಿಲ್ಲ. ಗಾಳಿಗೆ ಮುರಿದು ಬಿದ್ದ ಕೊಂಬೆ, ಸವರಿ ತೆಗೆದ ರೆಂಬೆ, ಇವೇ ಒಲೆಗೆ ಬರುವುವು. ಒಲೆಗೆ ಮಾವಿನ ರೆಂಬೆ ಬಂದಿತೆಂದರೆ ಅಂಗಳದ ಸುತ್ತ ಎಲ್ಲಿಯೋ ಮರವಿತ್ತು. ಶ್ರೀನಿವಾಸಪುರದಲ್ಲಿ ಕಾಯಿ ಇಳಿಸಿದ ಮೇಲೆ ತೋಪುಗಳಿಂದ ರೆಂಬೆಗಳ ಹೊರೆ ಹೊತ್ತು ಬರುವ ಹೆಂಗಸರ ಸಾಲನ್ನು ನೆನೆದುಕೊಂಡರೆ ಸಂಗನಕಲ್ಲಿನ ಆ ಚೂರು ಇದ್ದಿಲು ತಾನಾಗಿ ಮಾತನಾಡುತ್ತದೆ.

ಶ್ರೀಗಂಧದ ಮಾತು ಇನ್ನೂ ಕುತೂಹಲಕರ. ಅದು ನಮ್ಮ ನಾಡಿನ ಮರವೆಂದೇ ನಾವೆಲ್ಲ ಹೆಮ್ಮೆಪಡುವೆವು; ಸಮುದ್ರದಾಚೆಯ ದ್ವೀಪಗಳಿಂದ ಬಂದುದೆಂದು ಫುಲ್ಲರ್ ಅವರ ಪಕ್ಷ. ವಾದವು ಹೇಗಾದರೂ ಇರಲಿ, ಅದು ಬಳ್ಳಾರಿಯ ಬೆಂಕಿಯಲ್ಲಿ ಬಿದ್ದುದಂತೂ ದಿಟ. ದೇವರಿಗೆಂದು ಸುಟ್ಟರೋ, ಸತ್ತವರಿಗೆಂದು ಸುಟ್ಟರೋ, ಕೈಗೆ ಸಿಕ್ಕಿತೆಂದು ಸುಟ್ಟರೋ, ಇದ್ದಿಲು ಅಷ್ಟನ್ನು ಹೇಳುವುದಿಲ್ಲ.

ಬಳ್ಳಾರಿಯ ಸೀಮೆಯಲ್ಲಿ ಇನ್ನೊಂದು ಬಗೆಯ ಬೆಂಕಿಯ ಗುರುತೂ ಉಂಟು. ಕುಡತಿನಿ, ಕಪ್ಪಗಲ್ಲು ಮೊದಲಾದ ಕಡೆಗಳಲ್ಲಿ ಬೂದಿಯ ದಿಬ್ಬಗಳಿವೆ. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿಯೆಂದು ಜನರು ಪೂಜ್ಯಭಾವದಿಂದ ತೋರಿಸುತ್ತಾರೆ. ಉಟ್ನೂರಿನ ದಿಬ್ಬವನ್ನು ೧೯೫೭ರಲ್ಲಿ ಅಗೆದ ಆಲ್ಚಿನ್ ಅವರು, ಇಂತಹ ದಿಬ್ಬಗಳು ಹಟ್ಟಿಗಳಲ್ಲಿ ಕೂಡಿದ ದನದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆದುವೆಂದು ತೋರಿಸಿಕೊಟ್ಟರು. ಕರೀಷಾಗ್ನಿಗೆ ನಮ್ಮಲ್ಲಿ ಎಷ್ಟು ಹಳೆಯ ಸಂಪ್ರದಾಯವಿದೆಯೆಂಬುದನ್ನು ಹಾಲು ಕಾಯಿಸುವ ನಮ್ಮ ಹೋಳೂರಿನ ತಾಯಿಗೆ ಹೇಳಬೇಕೆಂದು ಅಂದುಕೊಂಡೆವು.

ಹಿರೇಗುಡ್ಡದ ಮೇಲೆ ನಿಂತಾಗ ಸಂತೋಷಕ್ಕಿಂತ ವ್ಯಸನವೇ ಹೆಚ್ಚಾಯಿತು. ಬೆಟ್ಟದ ಮೈಯನ್ನು ಕಲ್ಲುಗಣಿಯವರು ಕೊಯ್ದಿದ್ದಾರೆ. ಬಂಡೆಯೊಡನೆ ಬಂಡೆಯ ಮೇಲಣ ಮಣ್ಣೂ ಹೋಗುತ್ತದೆ, ಮಣ್ಣಿನೊಡನೆ ಅದರೊಳಗಿನ ಇದ್ದಿಲೂ ಹೋಗುತ್ತದೆ. ಶಾಸನದ ಕಲ್ಲನ್ನು ಒಡೆದರೆ ಊರವರು ಕೂಗಾಡುತ್ತಾರೆ. ಕಪ್ಪು ಮಣ್ಣನ್ನು ಲಾರಿಗೆ ತುಂಬಿದರೆ ಕೇಳುವವರಿಲ್ಲ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವೊಂದು ಆಗಿರುವುದು ಸಮಾಧಾನದ ಸಂಗತಿ. ಶಾಲೆಯ ಮಕ್ಕಳನ್ನು ಹಂಪೆಗೆ ಕರೆದುಕೊಂಡು ಹೋಗುವ ಉಪಾಧ್ಯಾಯರು ಅಲ್ಲಿ ಒಂದು ಗಂಟೆ ಇಳಿಯಬಾರದೇಕೆ?

ಕೋಲಾರಕ್ಕೆ ಹಿಂತಿರುಗುವಾಗ ನಮ್ಮ ಮನಸ್ಸಿನಲ್ಲಿ ಒಂದು ಯೋಚನೆ ಸುಳಿಯುತ್ತಿತ್ತು. ಇನ್ನು ಮೂರು ಸಾವಿರ ವರ್ಷಗಳಾದ ಮೇಲೆ ಒಬ್ಬ ವಿದ್ವಾಂಸನು ಹೋಳೂರಿನ ತಿಪ್ಪೆಯನ್ನು ಅಗೆದರೆ ಅವನಿಗೆ ಏನು ಕಾಣಬಹುದು? ತಳದ ಪದರದಲ್ಲಿ ಕಗ್ಗಲಿ, ದಿಂಡಿಗ, ಮುತ್ತುಗ ಮುಂತಾದ ಬೆಟ್ಟದ ಮರಗಳು. ಅದರ ಮೇಲೆ ಹೊಂಗೆ, ಹುಣಿಸೆ, ಜಾಲಿ, ಎಂದರೆ ಊರಿನ ಮರಗಳು. ಅದರ ಮೇಲೆ ಒಮ್ಮೆಗೇ ನೀಲಗಿರಿ! ಇದು ಆಸ್ಟ್ರೇಲಿಯದ ಮರ. ಟೀಪುಸುಲ್ತಾನನು ಸುಮಾರು ೧೭೯೦ರಲ್ಲಿ ನಂದಿಬೆಟ್ಟದ ತೋಟದಲ್ಲಿ ಅದನ್ನು ಮೊದಲಿಗೆ ನೆಡಿಸಿದನೆಂದು ಪ್ರತೀತಿ. ೧೯೮೦ರ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಹೆಸರಿನಲ್ಲಿ ಅದು ಕೋಲಾರದ ರಾಗಿಯ ಹೊಲಗಳಿಗೂ ಇಳಿಯಿತು. ಕಾಗದದ ಕಾರ್ಖಾನೆಗೆ ಕಾಂಡ ಹೋಯಿತು, ಒಲೆಗೆ ಸೊಪ್ಪೂ ರೆಂಬೆಯೂ ಬಂದವು.

ನೆಲದ ನೀರನ್ನು ಹೀರುತ್ತದೆಂದು ಸರಕಾರವು ೨೦೧೭ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅದರ ಜೊತೆಗೆ ಅಮೆರಿಕದಿಂದ ಬಂದ ಲಂಟಾನ, ಬಳ್ಳಾರಿಜಾಲಿ. ಆ ವಿದ್ವಾಂಸನು ಇದ್ದಿಲನ್ನು ನೋಡಿ, ಈ ಕಾಲದಲ್ಲಿ ಆಸ್ಟ್ರೇಲಿಯದವರು ದಂಡೆತ್ತಿ ಬಂದು ಕೋಲಾರವನ್ನು ಗೆದ್ದಿರಬೇಕು ಎಂದು ಬರೆದರೂ ನಾವು ಅವನನ್ನು ದೂರಲಾರೆವು. ಕ್ವೀನ್ಸ್‌ಲೆಂಡಿನ ವಿದುಷಿಯರಿಗೆ ನಮ್ಮ ತಿಪ್ಪೆಯ ಒಂದು ಪದರ ಓದುವುದಕ್ಕೆ ಬಹಳ ಸುಲಭವಾದೀತು.

ಅದಕ್ಕೂ ಮೇಲಿನ ಪದರದಲ್ಲಿ ಅವನಿಗೆ ಏನೂ ಸಿಕ್ಕುವುದಿಲ್ಲ. ೨೦೧೬ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗಳಿಗೂ ಅನಿಲದ ಒಲೆ ಬಂದಿದೆ. ಅನಿಲವು ಇದ್ದಿಲನ್ನು ಬಿಡುವುದಿಲ್ಲ. ಇದನ್ನು ನಾವು ದುಃಖದ ಸಂಗತಿಯೆಂದು ಹೇಳುತ್ತಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ನಮ್ಮ ತಾಯಿಯವರು ಊದುಗೊಳವೆ ಊದಿ ಊದಿ ಕೆಮ್ಮುತ್ತಿದ್ದುದನ್ನು ಕಂಡು ಬೆಳೆದವರು ನಾವು. ಹೊಗೆಯಿಂದ ಕೆಂಪಾದ ಅವರ ಕಣ್ಣುಗಳು ಇಂದಿಗೂ ನಮ್ಮ ಎದುರಿಗೆ ನಿಲ್ಲುತ್ತವೆ. ಒಲೆಯ ಹೊಗೆಯನ್ನು ಕೊಂಡಾಡುವವರು ಒಂದು ವಾರ ಹೊಂಗೆಯ ಹಸಿ ಸೌದೆಯಲ್ಲಿ ಅಡುಗೆ ಮಾಡಿ ನೋಡಲಿ. ಆದರೆ ಹೊಗೆಯ ಜೊತೆಗೆ ಆ ಗುಣವಿವೇಚನೆಯೂ ಹೋಗುತ್ತಿದೆ. ನಾವು ಮಾತಾಡಿಸಿದ ತಾಯಿಯ ಸೊಸೆಗೆ ಏಳೆಂಟು ಮರಗಳ ಹೆಸರು ಗೊತ್ತು. ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಮಾವು, ಬೇವು, ನೀಲಗಿರಿ ಮೂರೇ ಗೊತ್ತು. ಮುಂದೆ ಸಂಗನಕಲ್ಲಿನಂತಹ ಇನ್ನೊಂದು ನೆಲೆಯ ಇದ್ದಿಲನ್ನು ಹೋಲಿಸಿ ನೋಡಬೇಕಾದಾಗ ಮರದ ತುಂಡನ್ನು ಕೊಡಲು ಕಾಡೂ ಬೇಕು, ಅದರ ಹೆಸರನ್ನೂ ಗುಣವನ್ನೂ ಹೇಳಲು ಬಾಯಿಯೂ ಬೇಕು.

ಆ ಮೊಮ್ಮಗಳು ಚುರುಕಾದ ಹುಡುಗಿ. ನಮ್ಮ ಬಳ್ಳಾರಿಯ ವೃತ್ತಾಂತವನ್ನೆಲ್ಲ ಕೇಳಿದ ಮೇಲೆ ತಾನೇ ಅಜ್ಜಿಯನ್ನು ಮುಂದಿಟ್ಟುಕೊಂಡು ಕೆಲಸಕ್ಕೆ ತೊಡಗಿದಳು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಲ್ಲಿ ಬೆರಳುದ್ದದ ತುಂಡುಗಳನ್ನು ಮರಳಿನಲ್ಲಿ ಹೂತು, ಮುಚ್ಚಳವನ್ನು ಬಿಗಿದು, ಹಿತ್ತಿಲ ಒಲೆಯ ಕೆಂಡದಲ್ಲಿ ಇಟ್ಟರು. ಗಾಳಿಯಾಡದೆ ಸುಟ್ಟ ತುಂಡುಗಳು ಆಕಾರ ಕೆಡದೆ ಕಪ್ಪಾಗಿ ಹೊರಬಂದವು. ಅಜ್ಜಿ ಹೆಸರು ಹೇಳಿದರು, ಕನ್ನಡದಲ್ಲೊಂದು ತೆಲುಗಿನಲ್ಲೊಂದು. ಹುಡುಗಿ ಚೀಟಿ ಬರೆದು ಕಾಗದದ ಪೊಟ್ಟಣಗಳಿಗೆ ಅಂಟಿಸಿದಳು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರದ ವಿಜ್ಞಾನಸಂಸ್ಥೆಗೆ ಅವನ್ನು ತೋರಿಸಬೇಕೆಂದು ಅವಳ ಆಸೆ. ಹನ್ನೊಂದು ಪೊಟ್ಟಣಗಳಾದವು. ಹನ್ನೆರಡನೆಯದು ದಿಂಡಿಗ. ಇದ್ದಿಲಿಗೆ ಅದಕ್ಕಿಂತ ಉತ್ತಮವಾದ ಮರವಿಲ್ಲವೆಂದೂ, ತಾನು ಮದುವೆಯಾಗಿ ಬಂದಾಗ ಕಮ್ಮಾರರು ಅದನ್ನೇ ಕೇಳಿ ತರಿಸುತ್ತಿದ್ದರೆಂದೂ ಅಜ್ಜಿ ಹೇಳಿದರು. ಎರಡು ದಿನ ಗುಡ್ಡವನ್ನು ಸುತ್ತಿದರೂ ನಮಗೆ ಒಂದು ಮರ ಕಾಣಲಿಲ್ಲ. ಮೂರನೆಯ ದಿನ ಅಜ್ಜಿಯವರೇ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಹಳೆಯ ಎತ್ತಿನ ಗಾಡಿಯನ್ನು ತೋರಿಸಿದರು. ಅದರ ಅಚ್ಚು ದಿಂಡಿಗದ್ದು, ಅವರ ಮಾವನವರ ಕಾಲದ್ದು. ಸ್ವಲ್ಪ ಹೊತ್ತು ಅದನ್ನು ಕೈಯಿಂದ ಸವರುತ್ತ ನಿಂತಿದ್ದು, ಆಮೇಲೆ ಗರಗಸವನ್ನು ತರಹೇಳಿದರು.